ಕಲ್ಲು ಮುಗಿದ ಜಾಗ

"ತಲೆ ಕಡೆಯವರು ಸ್ವಲ್ಪ ಎತ್ತಿ ಹಿಡೀರಿ," ಎಂದು ಲತೇಶ್ ಕೆಳಗಿನಿಂದ ಹೇಳಿದ. ಮರದ ಮೆಟ್ಟಿಲಿನ ತಿರುವಿನಲ್ಲಿ ಚಾಪೆ ಸಿಕ್ಕಿಕೊಂಡಿತ್ತು. ಚಾಪೆಯಲ್ಲಿ ಅವನ ಅಮ್ಮ ಲೀಲಾಕ್ಷಿ ಇದ್ದಳು. ಮೇಲೆ ಹೋಟೆಲಿನ ಇಬ್ಬರು ವೇಟರುಗಳು, ಕೆಳಗೆ ಲತೇಶ್ ಮತ್ತು ಭುಜಂಗ. ನಾಲ್ವರೂ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ನಿಂತುಬಿಟ್ಟರು.

"ಬದುಕಿದ್ದಾಗಲೂ ಇವಳನ್ನು ತಿರುಗಿಸ್ಲಿಕ್ಕೆ ಯಾರಿಂದಲೂ ಆಗ್ಲಿಲ್ಲ," ಎಂದ ಭುಜಂಗ ಏದುಸಿರು ಬಿಡುತ್ತ. ಊರಿನಲ್ಲಿ ಅವನು ಲೀಲಾಕ್ಷಿಯ ಪಕ್ಕದ ಮನೆಯವನು. ಈಗ ಪುಣೆಯ ಶಿವಾಜಿನಗರದ ಒಂದು ಹೋಟೆಲಿನಲ್ಲಿ ಮೀನು ಹುರಿಯುತ್ತಾನೆ. "ಎಡಕ್ಕೆ, ಎಡಕ್ಕೆ. ಗೋಡೆ ತಾಗ್ತದೆ."

ಲತೇಶ್‌ನ ತಂಗಿ ಶ್ರದ್ಧಾ ಮೇಲಿನ ಮೆಟ್ಟಿಲಲ್ಲಿ ನಿಂತು ಅಮ್ಮನ ಕಾಲುಗಳನ್ನೇ ನೋಡುತ್ತಿದ್ದಳು. ಎರಡೂ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ಬಿಳಿ ಬಟ್ಟೆ, ಹೋಟೆಲಿನ ಮೇಜು ಒರೆಸುವ ಬಟ್ಟೆಯಿಂದ ಹರಿದದ್ದು. ಅಂಚಿನಲ್ಲಿ ಹೋಟೆಲಿನ ಹೆಸರಿನ ಮೊದಲ ಅಕ್ಷರ ಕೆಂಪು ನೂಲಿನಲ್ಲಿ ಹಾಗೆಯೇ ಉಳಿದಿತ್ತು.

ಮೆಟ್ಟಿಲ ಬುಡದಲ್ಲಿ ಅವಳ ಸೋದರಮಾವ ಮೋಹನದಾಸ್ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ಹೋಟೆಲು ಅವನದು. ಮೇಲಿನ ಕೋಣೆಯೂ ಅವನದೇ. ಅತ್ತಿದ್ದರಿಂದ ಅವನ ಕಣ್ಣು ಕೆಂಪಾಗಿತ್ತು.

"ಹಿಂದಿನ ಅಂಗಳಕ್ಕೆ ತನ್ನಿ," ಎಂದ. "ನೀರು ಬಿಡುವ ಶಾಸ್ತ್ರ ಅಲ್ಲೇ ಆಗಲಿ. ವ್ಯಾನ್ ಹಿಂದಿನ ಗಲ್ಲಿಗೆ ಬರ್ತದೆ. ಮುಂದೆ ಗಿರಾಕಿ ಉಂಟು."

"ಇವತ್ತೊಂದು ದಿನ ಬಾಗಿಲು ಹಾಕ್ಬಹುದಿತ್ತಲ್ಲ ಮಾರಾಯ," ಎಂದ ಭುಜಂಗ.

"ಭಾನುವಾರ ಅಲ್ವಾ? ಬೆಳಿಗ್ಗೆ ಬಂದ ಮೀನನ್ನು ಎಲ್ಲಿಗೆ ಬಿಸಾಡುವುದು? ಅಕ್ಕ ಇದ್ದಿದ್ದರೆ ಅವಳೇ ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ."

ಬೆಳಿಗ್ಗೆ ಐಸಿನ ಪೆಟ್ಟಿಗೆ ಬಂದಾಗ ಲೀಲಾಕ್ಷಿ ಕೆಳಗಿಳಿದು ಬರಲಿಲ್ಲ. ಎಬ್ಬಿಸಲು ಹೋದ ಶ್ರದ್ಧಾಳಿಗೆ ಅಮ್ಮನ ಕೈ ಆ ಪೆಟ್ಟಿಗೆಯಷ್ಟೇ ತಣ್ಣಗೆ ಸಿಕ್ಕಿತು. ಮಾವ ಬಂದು ಅಕ್ಕನ ಪಕ್ಕ ಕುಸಿದು ಕೂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಯಾರಾದರೂ ಆ ಮೀನು ಶುಚಿ ಮಾಡಿ. ಐಸ್ ಕರಗ್ತಾ ಉಂಟು," ಎಂದಿದ್ದ.

ಹಿಂದಿನ ಅಂಗಳವೆಂದರೆ ಅಡುಗೆಮನೆಗೂ ಗಲ್ಲಿಗೂ ನಡುವಿನ ಸಿಮೆಂಟಿನ ಚೌಕ. ಒಂದು ನಲ್ಲಿ, ಅದರ ಕೆಳಗೊಂದು ಹಾಸುಗಲ್ಲು. ಪುಣೆಗೆ ಬಂದಂದಿನಿಂದ ಲೀಲಾಕ್ಷಿ ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಗುಡೆ, ಕಾಣೆ, ಅಂಜಲ್ ಮೀನು ಕೊಯ್ದಿದ್ದಳು. ಈಗ ಪಾರವ್ವ ಅದನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಪಾರವ್ವ ಹೋಟೆಲಿನಲ್ಲಿ ರೊಟ್ಟಿ ಬಡಿಯುವವಳು, ಬಿಜಾಪುರದ ಕಡೆಯವಳು. ಗಂಡ ಪುಣೆ ಹತ್ತಿರದ ದೌಂಡದಲ್ಲಿ ರೈಲ್ವೆ ಕೆಲಸದಲ್ಲಿದ್ದು ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದಳು.

"ಎಷ್ಟ್ ತಿಕ್ಕಿದ್ರೂ ವಾಸನಿ ಹೋಗವಲ್ದು," ಎಂದಳು ಯಾರಿಗೂ ಅಲ್ಲದಂತೆ. "ಹೋಗ್ಲಿ ಬಿಡು. ಆಕೀಗೇನ್ ಹೊಸಾದಲ್ಲ."

ಚಾಪೆಯನ್ನು ಕಲ್ಲಿನ ಪಕ್ಕ ಇಳಿಸಿದರು. ಮಾವ ತಲೆಯ ಹಿಂದೆ ಒಂದು ಸ್ಟೂಲಿಟ್ಟು ಅದರ ಮೇಲೆ ಲೀಲಾಕ್ಷಿಯ ದೊಡ್ಡ ಚಿತ್ರವನ್ನು ನಿಲ್ಲಿಸಿದ. ಬೇರೆ ಚಿತ್ರ ಇರಲಿಲ್ಲ. ಮದುವೆಯದು, ಲತೇಶ್‌ನ ನಾಮಕರಣದ್ದು ಎಲ್ಲ ಊರಿನ ಮನೆಯ ಜೊತೆಗೇ ಕಡಲಿಗೆ ಹೋಗಿದ್ದವು. ಇದು ಕಡಲತೀರದವರ ನಡುವೆ ಕೆಲಸ ಮಾಡುವ ಪುಣೆಯ ಒಂದು ಸಂಸ್ಥೆ ತೆಗೆದದ್ದು. ಬಿದ್ದ ಮನೆಯ ಮುಂದೆ ಮೊಣಕಾಲಿನವರೆಗೆ ನೀರಿನಲ್ಲಿ ನಿಂತ ಲೀಲಾಕ್ಷಿ ನೇರವಾಗಿ ನೋಡುತ್ತಿದ್ದಳು. ಚಿತ್ರದ ಕೆಳಗಿದ್ದ ಅಕ್ಷರಗಳು ಕಾಣದಂತೆ ಮಾವ ಹಾಳೆಯನ್ನು ಹಿಂದಕ್ಕೆ ಮಡಚಿದ್ದ. ಏನು ಬರೆದಿದೆ ಎಂದು ಶ್ರದ್ಧಾಳಿಗೆ ಗೊತ್ತಿತ್ತು. 'ತಾಳಿಕೊಂಡು ಎದ್ದವಳು.'

"ನಿಮ್ ಕಡೆ ನೀರ್ ಬಿಡೂದು ಹೆಂಗ?" ಎಂದು ಪಾರವ್ವ ಕೇಳಿದಳು.

ಭುಜಂಗ ಹೇಳಿದ: "ಚೊಂಬನ್ನು ಮಗಳು ಹಿಡಿಯುವುದು. ತುಳಸಿ ಎಲೆಯಲ್ಲಿ ಒಬ್ಬೊಬ್ಬರೇ ಬಾಯಿಗೆ ನೀರು ಬಿಡ್ತಾರೆ. ಕಡೆಗೆ ತವರಿನವರು, ಅಂದ್ರೆ ಅಣ್ಣನೋ ತಮ್ಮನೋ. ಅಲ್ಲಿಗೆ ಬಾಯಿ ಮುಚ್ಚುವುದು, ಹೊರಡುವುದು."

"ತವರಿನವ್ರು ಬಿಡದಿದ್ರ?"

"ಬಾಯಾರಿಕೊಂಡೇ ಹೋಗ್ತಾಳೆ ಅಂತ ಹೇಳ್ತಾರಪ್ಪ. ತಮ್ಮ ಇಲ್ಲೇ ಇದ್ದಾನಲ್ಲ, ಆ ಚಿಂತೆ ಯಾಕೆ?"

ತುಳಸಿ ಬಿಡಿಸುತ್ತಿದ್ದ ಶ್ರದ್ಧಾಳ ಕೈ ನಿಂತಿತು. ಮಾವ ಅಮ್ಮನ ಬಾಯಿಗೆ ನೀರು ಬಿಡುತ್ತಾನೆ, ಆ ಚೊಂಬನ್ನು ತಾನೇ ಹಿಡಿದುಕೊಂಡಿರಬೇಕು. ಬೆಳಿಗ್ಗೆಯಿಂದ ಇದು ತಲೆಗೆ ಬಂದಿರಲಿಲ್ಲ. ಈಗ ಬಂದ ಮೇಲೆ ಬೇರೆ ಏನೂ ಉಳಿಯಲಿಲ್ಲ.

*

ಊರಿನಲ್ಲಿ ಅವರದು ಕಡಲ ದಂಡೆಯ ಸಾಲಿನ ಕೊನೆಯ ಮನೆ. ಮನೆಗೂ ಕಡಲಿಗೂ ನಡುವೆ ಅಜ್ಜಿ ನೆಟ್ಟ ಕೇದಗೆಯ ಪೊದೆ ಇತ್ತು. ಆಳೆತ್ತರದ ಮುಳ್ಳು, ಕೋಳಿ ಕೂಡ ದಾಟುತ್ತಿರಲಿಲ್ಲ. ಅದರ ಬೇರು ಕೆಳಗಿನ ಮರಳನ್ನೆಲ್ಲ ಹಿಡಿದುಕೊಂಡಿತ್ತು.

ಆದರೂ ವರ್ಷವರ್ಷವೂ ಕಡಲು ಹತ್ತಿರ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಸಾಲಿನ ನಡುವಿನ ಎರಡು ಮನೆ ಬಿದ್ದ ಮೇಲೆ ಹೆಂಗಸರೆಲ್ಲ ಮೀನಿನ ಬುಟ್ಟಿ ಇಟ್ಟುಕೊಂಡು ಹೆದ್ದಾರಿಯಲ್ಲಿ ಕೂತರು. ಎಲ್ಲರಿಗಿಂತ ಮುಂದೆ ಲೀಲಾಕ್ಷಿ. ಎದ್ದು ಹೋಗಿ ಎನ್ನಲು ಬಂದ ಅಧಿಕಾರಿಗೆ, "ಕಲ್ಲಿನ ಗೋಡೆ ಕಟ್ಟಿಕೊಡಿ. ಇಲ್ಲದಿದ್ದರೆ ಮಳೆಗಾಲಕ್ಕೆ ನಿಮ್ಮ ಬಂಗಲೆಗೇ ಬರ್ತೇವೆ. ನಿಮ್ಮ ಹೆಂಡತಿಗೆ ಹೇಳಿಡಿ, ಗಂಜಿ ಸ್ವಲ್ಪ ಜಾಸ್ತಿ ಇಡ್ಲಿ," ಎಂದಳು. ಪೊಲೀಸರೂ ನಕ್ಕರು.

ಗೋಡೆ ಮಂಜೂರಾಯಿತು. ಸಾಲಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ. ಮೋಹನದಾಸ್ ಪುಣೆಯಿಂದ ಬಂದು ಗೋಡೆಯ ಸಮಿತಿಗೆ ಅಧ್ಯಕ್ಷನಾದ. ಅವನಿಗೆ ಅಧಿಕಾರಿಗಳ ಪರಿಚಯವಿತ್ತು, ಇಂಗ್ಲಿಷ್ ಬರುತ್ತಿತ್ತು. ತಮ್ಮನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದವಳು ಲೀಲಾಕ್ಷಿಯೇ. ಅಜ್ಜಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ.

ಕಲ್ಲು ತರುವ ಟಿಪ್ಪರುಗಳು ದಂಡೆಗೆ ಇಳಿಯಲು ಒಂದೇ ಒಂದು ಜಾಗವಿತ್ತು. ಲೀಲಾಕ್ಷಿಯ ಅಂಗಳ.

"ಆ ಕೇದಗೆ ತೆಗೆದರೆ ದಾರಿ ಆಗ್ತದೆ ಅಕ್ಕ," ಎಂದ ಮೋಹನದಾಸ್.

"ಅಮ್ಮ ನೆಟ್ಟದ್ದು ಮಾರಾಯ ಅದು."

"ಕಲ್ಲಿನ ಗೋಡೆಯೇ ಬರುವಾಗ ಇನ್ನು ಮುಳ್ಳು ಯಾಕೆ?"

ಅದೂ ಹೌದೆನ್ನಿಸಿ ಅವಳು ನಕ್ಕಳು. ಬೇರೆಯವರ ಕೈಯಲ್ಲಿ ಕಡಿಸಲು ಮನಸ್ಸಾಗದೆ ತಾನೇ ಕತ್ತಿ ಹಿಡಿದಳು. ಸಂಜೆಯ ಹೊತ್ತಿಗೆ ಮೊಣಕೈವರೆಗೆ ಗೀರುಗಳು. ಬೇರು ಕಿತ್ತ ಕಡೆ ಮರಳು ಹಿಟ್ಟಿನಂತೆ ಸಡಿಲವಾಗಿತ್ತು. ಮರುದಿನದಿಂದ ಟಿಪ್ಪರುಗಳು ಬಂದವು. ಡ್ರೈವರುಗಳಿಗೆ ಅವಳು ಮಜ್ಜಿಗೆ ಕೊಟ್ಟಳು.

ಶ್ರದ್ಧಾ ಆಗ ಒಂಬತ್ತನೆಯ ಕ್ಲಾಸು. ಶಾಲೆಯಿಂದ ಬಂದು ಯೂನಿಫಾರ್ಮಿನಲ್ಲೇ ಜಗಲಿಯಲ್ಲಿ ಕೂರುತ್ತಿದ್ದಳು. ಮಾತು ಕಡಿಮೆಯ ಹುಡುಗಿ. ನೋಡುವುದೇ ಅವಳ ಕೆಲಸ. ತುಂಬಿದ ಟಿಪ್ಪರುಗಳು ಅಂಗಳಕ್ಕೆ ಇಳಿದು ಬಲಕ್ಕೆ ತಿರುಗಿ ಸಾಲಿನ ಮೊದಲ ಮನೆಯನ್ನೂ ದಾಟಿ ಆಚೆ ಹೋಗುವುದನ್ನು ಅವಳು ನೋಡಿದಳು. ಅಲ್ಲಿ ಮಾವ ಹೊಸದಾಗಿ ಹೋಂಸ್ಟೇ ಕಟ್ಟಿಸಿದ್ದ. ಕಲ್ಲುಗಳು ಮೊದಲು ಅದರ ಮುಂದೆ ಬಿದ್ದವು. ಆಮೇಲೆ ಅದರ ಪಕ್ಕಕ್ಕೆ ಬಿದ್ದವು, ಅದರ ತೋಟವನ್ನೂ ಸುತ್ತಿದವು. ಅಷ್ಟಾದ ಮೇಲೆ ಗೋಡೆ ಈಚೆಗೆ ಹೊರಟು, ಮನೆಯಿಂದ ಮನೆಗೆ ಬಂದು, ಭುಜಂಗನ ತೆಂಗಿನ ಮರದ ಹತ್ತಿರ ನಿಂತಿತು. ಮುಂದಿನದು ಲೀಲಾಕ್ಷಿಯ ಮನೆ.

ಒಂದು ದಿನ ಟಿಪ್ಪರ್ ಬರಲಿಲ್ಲ. ಮರುದಿನವೂ ಇಲ್ಲ. ಲೀಲಾಕ್ಷಿ ಮಜ್ಜಿಗೆಯ ಪಾತ್ರೆ ಮುಚ್ಚಿಟ್ಟು ತಮ್ಮನ ಹತ್ತಿರ ಹೋದಳು. ಶ್ರದ್ಧಾ ಹಿಂದೆಯೇ ಹೋಗಿದ್ದಳು.

"ಕಲ್ಲು ಮುಗಿಯಿತು ಅಕ್ಕ," ಎಂದ ಅವನು. "ಮುಂದಿನ ವರ್ಷ ನೋಡುವ."

*

ಅಂಗಳದಲ್ಲಿ ಜನ ಸೇರಿದರು. ಪುಣೆಯ ಕ್ಯಾಂಪ್ ಬಡಾವಣೆಯ ಬೇರೆ ಹೋಟೆಲುಗಳವರು, ತರಕಾರಿ ತಂದುಕೊಡುವ ಮರಾಠಿಯವರು. ಒಳಗಿನಿಂದ ಹುರಿದ ಬಂಗುಡೆಯ ವಾಸನೆ ಬರುತ್ತಿತ್ತು. ಆಗಾಗ ಒಬ್ಬ ವೇಟರ್ ಬಾಗಿಲಲ್ಲಿ ಇಣುಕಿ, "ಸೇಠ್, ಸುರಮಯಿ ಸಂಪ್ಲಿ," ಎಂದು ಅಂಜಲ್ ಮೀನು ಮುಗಿದದ್ದನ್ನು ಪಿಸುಗುಟ್ಟಿ ಹೋಗುತ್ತಿದ್ದ.

"ಇವಳ ನಾಲಿಗೆ ಮಾತ್ರ ಭಾರೀ," ಎಂದ ಭುಜಂಗ. "ಒಮ್ಮೆ ಒಬ್ಬ ಗಿರಾಕಿ ಮೀನು ತಾಜಾ ಅಲ್ಲ ಅಂತ ವಾಪಸ್ ಕಳಿಸಿದ. ಇವಳು ಒಳಗಿಂದ ಹೋಗಿ, 'ಅಣ್ಣ, ಅದು ನಿನಗಿಂತ ಮೊದಲು ಪುಣೆಗೆ ಬಂದದ್ದು, ಮರ್ಯಾದೆ ಕೊಡು,' ಅಂದಳಂತೆ."

ಕೆಲವರು ನಕ್ಕರು. ಮಾವನೂ ನಕ್ಕು ಕಣ್ಣೊರೆಸಿಕೊಂಡ. ಯಾರೋ ಅವನ ಹೆಗಲ ಮೇಲೆ ಕೈಯಿಟ್ಟು, "ಮನೆ ಕಳಕೊಂಡ ಅಕ್ಕನಿಗೆ ಕಡೇವರೆಗೂ ನೆರಳಾದಿರಿ. ಈ ಕಾಲದಲ್ಲಿ ಯಾರು ಮಾಡ್ತಾರೆ?" ಎಂದರು.

"ಕರ್ತವ್ಯ," ಎಂದ ಮಾವ. "ಕಡಲು ಯಾರನ್ನೂ ಕೇಳಿ ಬರುದಿಲ್ಲವಲ್ಲ."

ಶ್ರದ್ಧಾಳ ಕಿವಿ ಬಿಸಿಯಾಯಿತು. ಅವಳು ಲತೇಶ್‌ನ ಹತ್ತಿರ ಹೋದಳು. ಅಣ್ಣ ಇದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು.

"ಮಾವ ನೀರು ಬಿಡುದು ಬೇಡ," ಎಂದಳು ಮೆಲ್ಲಗೆ.

ಲತೇಶ್ ಸುತ್ತ ನೋಡಿದ. "ನಿನಗೆ ಹುಚ್ಚಾ? ಶಾಸ್ತ್ರ ಅದು. ಅಮ್ಮ ಬಾಯಾರಿ ಹೋಗ್ಲಿ ಅಂತೀಯಾ?"

"ಕಲ್ಲು..."

"ಗೊತ್ತು ನಂಗೆ. ಎಲ್ಲರಿಗೂ ಗೊತ್ತು. ಸುಮ್ಮನಿರು. ನಾಳೆ ಕೋಣೆ ಬಿಡಿ ಅಂದರೆ ಎಲ್ಲಿಗೆ ಹೋಗ್ತಿ?"

ಎಲ್ಲರಿಗೂ ಗೊತ್ತು. ಶ್ರದ್ಧಾ ಅಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಭುಜಂಗ ಬೇರೆ ಕಡೆ ನೋಡಿದ.

ಆಗ ಸಂಸ್ಥೆಯ ನೀತಾ ಬಂದಳು. ಧಾರವಾಡದ ಕಡೆಯ ಹುಡುಗಿ, ಶ್ರದ್ಧಾಳಿಗಿಂತ ಏಳೆಂಟು ವರ್ಷ ದೊಡ್ಡವಳು. ಆ ಚಿತ್ರ ತೆಗೆದವಳು ಅವಳೇ. ಹೂವಿನ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

"ಬರ್ರಿ ಮೇಡಂ," ಎಂದು ಮಾವ ಮುಂದೆ ಹೋದ. ಅವಳ ಹತ್ತಿರ ಮಾತಾಡುವಾಗ ಅವನ ಮಾತಿಗೆ 'ರೀ' ಸೇರಿಕೊಳ್ಳುತ್ತಿತ್ತು. "ನಾನು ಒಂದು ತೀರ್ಮಾನ ಮಾಡೀನ್ರಿ. ಅಕ್ಕನ ಬೂದಿ ಊರಿಗೆ ಒಯ್ದು ಅದೇ ಕಡಲಿಗೆ ಬಿಡ್ತೇವೆ. ನನ್ನ ಹೋಂಸ್ಟೇ ಪಕ್ಕದಲ್ಲಿ ಅಕ್ಕನ ಹೆಸರಲ್ಲಿ ಒಂದು ಸಭಾಂಗಣ. ಕಡಲತೀರದ ಹೆಂಗಸರಿಗೆ ನಿಮ್ಮ ತಾಳಿಕೆಯ ತರಬೇತಿ ಎಲ್ಲ ಅಲ್ಲೇ ನಡೀಲಿ. ಜಾಗ ನನ್ನದು, ಕಟ್ಟಡಕ್ಕೆ ನಿಮ್ಮ ಸಂಸ್ಥೆ ಸ್ವಲ್ಪ ಕೈಹಿಡಿದರೆ ಆಯಿತು."

"ಈಗ ಅದೆಲ್ಲ ಬ್ಯಾಡ್ರಿ," ಎಂದಳು ನೀತಾ ಮುಜುಗರದಿಂದ. ಶ್ರದ್ಧಾಳ ಕಡೆ ತಿರುಗಿ, "ನಿಮ್ಮ ತಾಯಿ ಭಾಳ ಗಟ್ಟಿ ಇದ್ರು. ನಾ ಎಲ್ಲೇ ಮಾತಾಡಿದ್ರೂ ತಾಳಿಕೆಗೆ ಅವ್ರದೇ ಉದಾಹರಣೆ ಕೊಡ್ತೀನಿ," ಎಂದಳು.

ಕಲ್ಲು ತಿಕ್ಕಿ ಮುಗಿಸಿದ್ದ ಪಾರವ್ವ ಸೆರಗಿಗೆ ಕೈ ಒರೆಸಿಕೊಂಡಳು. "ತಾಳಿಕಿ ಅಂದ್ರೇನವ್ವಾ?"

"ಕಷ್ಟ ಬಂದ್ರೂ ತಡ್ಕೊಂಡು, ಮತ್ತ ಎದ್ದು ನಿಲ್ಲೂದು, ಅಜ್ಜಿ."

"ಹೌದಾ. ಮತ್ತ ಕಷ್ಟಾ ತಂದವ್ರಿಗೆ ಏನಂತಾರ ನಿಮ್ ಆಫೀಸಿನ್ಯಾಗ?"

ನೀತಾ ಮಾವನ ಮುಖವನ್ನು, ಆಮೇಲೆ ಶ್ರದ್ಧಾಳ ಮುಖವನ್ನು ನೋಡಿದಳು. ಹಾರವನ್ನು ಚಿತ್ರಕ್ಕೆ ಹಾಕದೆ ಮೆಲ್ಲಗೆ ಲೀಲಾಕ್ಷಿಯ ಕಾಲ ಬಳಿ ಇಟ್ಟಳು.

*

ಮುಂದಿನ ವರ್ಷದವರೆಗೆ ಕಡಲು ಕಾಯಲಿಲ್ಲ. ಅದೇ ಆಷಾಢದ ಒಂದು ಮಧ್ಯಾಹ್ನ ಅಲೆಗಳು ಗೋಡೆಗೆ ಬಡಿದು, ಮೇಲೆ ಹತ್ತಲಾಗದೆ ಗೋಡೆಗುಂಟ ಓಡಿಬಂದು, ಕಲ್ಲು ಮುಗಿದ ಜಾಗದಲ್ಲಿ ತಿರುಗಿದವು. ಟಿಪ್ಪರುಗಳು ಇಳಿದ ದಾರಿ ತೆರೆದೇ ಇತ್ತು. ನೀರು ಅದೇ ದಾರಿಯಲ್ಲಿ ಅಂಗಳಕ್ಕೆ ಬಂತು. ಸಂಜೆಯೊಳಗೆ ಅಡುಗೆಮನೆಯ ಗೋಡೆ ಕುಳಿತುಬಿಟ್ಟಿತು. ಭುಜಂಗನ ಮನೆ ಉಳಿಯಿತು. ಆದರೆ ಗೋಡೆಯ ಮುಂದೆ ದೋಣಿ ಎಳೆದಿಡುವಷ್ಟೂ ಮರಳು ಉಳಿಯದೆ, ವರ್ಷ ಕಳೆಯುವುದರೊಳಗೆ ಅವನೂ ಪುಣೆಯ ಬಸ್ಸು ಹತ್ತಿದ.

ಲೀಲಾಕ್ಷಿ ಅಳಲಿಲ್ಲ. ಗೀರುಗಳ ಕಲೆ ಇನ್ನೂ ಮಾಸಿರದ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಕಡಲಿಗೆ ಏನು ಗೊತ್ತು, ದಾರಿ ಕಂಡಲ್ಲಿ ಬರ್ತದೆ," ಎಂದಳು. "ದಾರಿ ಮಾಡಿಕೊಟ್ಟದ್ದು ನಾನು." ಮಾಡಿಸಿದವನ ಹೆಸರನ್ನು ಅವಳು ಹೇಳಲಿಲ್ಲ. ಆ ಹೊತ್ತಿಗೆ ಗಂಡನಿಲ್ಲದ ಅವಳಿಗೆ ಇನ್ನೂ ಓದುವ ಮಗಳೂ ಕೆಲಸವಿಲ್ಲದ ಮಗನೂ ಇದ್ದರು. ತಮ್ಮ ಪುಣೆಗೆ ಬಾ ಎಂದಾಗ ಬಂದಳು. ಶ್ರದ್ಧಾಳ ಓದು ಅಲ್ಲಿಗೆ ನಿಂತಿತು.

ಪುಣೆಯಲ್ಲಿ ಶ್ರದ್ಧಾ ಗಮನಿಸಿದ್ದು ಒಂದು. ಅಮ್ಮ ಮಾವನ ಕೋಣೆಯಲ್ಲಿ ಮಲಗುತ್ತಿದ್ದಳು, ಹೋಟೆಲಿನ ಅನ್ನ ಉಣ್ಣುತ್ತಿದ್ದಳು. ದುಡಿದದ್ದಕ್ಕೆ ಅನ್ನ, ಅದಕ್ಕೆ ನಾಚಿಕೆಯಿಲ್ಲ. ಆದರೆ ಹೋಟೆಲಿನ ನೀರನ್ನು ಬಾಯಿಗೆ ಹಾಕುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ, ಬೆವರು ಸುರಿಯುತ್ತಿದ್ದರೂ ನಲ್ಲಿಯ ಪಕ್ಕದಿಂದ ಎದ್ದು, ಗಲ್ಲಿ ದಾಟಿ, ಎದುರಿನ ಚಾಳಿನಲ್ಲಿದ್ದ ಪಾರವ್ವನ ಮನೆಗೆ ಹೋಗಿ ಅಲ್ಲಿನ ಮಣ್ಣಿನ ಕೊಡದಿಂದ ಕುಡಿದು ಬರುತ್ತಿದ್ದಳು. ಒಮ್ಮೆ ಮಾವ ತಾನೇ ಒಂದು ಲೋಟ ತಣ್ಣೀರು ತಂದುಕೊಟ್ಟ. "ಇಡು ಮಾರಾಯ," ಎಂದಳು. ಅವನು ಒಳಗೆ ಹೋದ ಮೇಲೆ ಅದರಲ್ಲಿ ಕತ್ತಿ ತೊಳೆದಳು.

ಮಾವನಿಗೆ ಅದು ಕಡೆಯವರೆಗೂ ಗೊತ್ತಾಗಲಿಲ್ಲ.

*

"ವ್ಯಾನ್ ಬಂತು," ಎಂದು ಯಾರೋ ಗಲ್ಲಿಯಿಂದ ಕೂಗಿದರು. "ಚಲಾ, ಲವಕರ್," ಎಂದು ಡ್ರೈವರ್ ಅವಸರ ಮಾಡಿದ.

ಲತೇಶ್ ಹಿತ್ತಾಳೆಯ ಚೊಂಬನ್ನು ನಲ್ಲಿಗೆ ಹಿಡಿಯಲು ಬಗ್ಗಿದ. ಶ್ರದ್ಧಾ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಏನೂ ಹೇಳದೆ ಗಲ್ಲಿ ದಾಟಿ ಹೋದಳು. ತಿರುಗಿ ಬಂದಾಗ ಚೊಂಬು ತುಂಬಿತ್ತು. ಹೊರಮೈಯ ಮೇಲೆ ತಂಪಿನ ಹನಿ ಕಟ್ಟಿತ್ತು. ಪಾರವ್ವ ಅದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೊದಲು ಲತೇಶ್ ಬಿಟ್ಟ. ಆಮೇಲೆ ಶ್ರದ್ಧಾ. ತುಳಸಿ ಎಲೆಯಿಂದ ಜಾರಿದ ನೀರು ಅಮ್ಮನ ಒಣಗಿದ ತುಟಿಯ ಮೇಲೆ ಒಂದು ಕ್ಷಣ ನಿಂತು ಒಳಗೆ ಹೋಯಿತು. ಭುಜಂಗ ಬಿಟ್ಟ. ಎಲೆ ಓರೆಯಾಗಿ ನೀರು ಗಲ್ಲದ ಮೇಲೆ ಚೆಲ್ಲಿತು. "ತಪ್ಪು ತಿಳೀಬೇಡ ಮಾರಾಯ್ತಿ," ಎಂದ, ಚೆಲ್ಲಿದ್ದಕ್ಕೋ ಮತ್ತೆ ಯಾವುದಕ್ಕೋ. ವೇಟರುಗಳು, ನೀತಾ, ತರಕಾರಿಯವರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಪಾರವ್ವ ಬಂದು ಮೊಣಕಾಲೂರಿ ಬಿಟ್ಟಳು.

"ನಿಮ್ಮದಾಯ್ತಾ? ಇನ್ನು ತವರಿನವರು," ಎಂದ ಮೋಹನದಾಸ್, ಹಿಂದಿನಿಂದ. ಅಂಗಿಯ ತೋಳು ಮಡಚಿ, ಅಂಗೈ ಮೇಲೆ ತುಳಸಿ ಎಲೆ ಇಟ್ಟುಕೊಂಡು ಮುಂದೆ ಬಂದ. ಜನ ಜಾಗ ಬಿಟ್ಟರು. ಅವನು ಅಕ್ಕನ ತಲೆಯ ಬಳಿ ಕೂತು, ಶ್ರದ್ಧಾಳ ಕಡೆ ನೋಡದೆಯೇ ಕೈ ಚಾಚಿದ.

ಶ್ರದ್ಧಾ ಚೊಂಬಿನೊಳಗೆ ನೋಡಿದಳು. ತಳದಲ್ಲಿ ಇನ್ನೂ ನೀರಿತ್ತು, ಒಬ್ಬರಿಗೆ ಸಾಕಾಗುವಷ್ಟು. ಅವಳು ಚೊಂಬನ್ನು ಪಾರವ್ವನ ಕೈಗೆ ಬಗ್ಗಿಸಿದಳು.

"ಇನ್ನೊಂದು ಸಲ ನೀವೇ ಬಿಡಿ, ಪಾರವ್ವ. ತವರಿನದು."

ಪಾರವ್ವ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಬೊಗಸೆಯಲ್ಲಿ ಹಿಡಿದ ನೀರನ್ನು ಹನಿ ಕೆಳಗೆ ಬೀಳದ ಹಾಗೆ ಲೀಲಾಕ್ಷಿಯ ಬಾಯಿಗೆ ಬಿಟ್ಟಳು. "ಕುಡಿ ನನ್ನವ್ವ. ನಮ್ ಕೊಡದ್ದ ಅದ," ಎಂದಳು.

ಶ್ರದ್ಧಾ ಖಾಲಿ ಚೊಂಬನ್ನು ಹಾಸುಗಲ್ಲಿನ ಮೇಲೆ ಬೋರಲು ಹಾಕಿದಳು. ಆ ಸದ್ದಿಗೆ ಎಲ್ಲರೂ ಅವಳ ಕಡೆ ತಿರುಗಿದರು.

"ನೀರು ಮುಗಿಯಿತು ಮಾವ," ಎಂದಳು.

ಅವಳ ದನಿ ಅಷ್ಟು ಸ್ಪಷ್ಟವಾಗಿದ್ದದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲ. ಮೋಹನದಾಸ್ ತಲೆಯೆತ್ತಿದ. ಅವನ ಮುಖ ಮೊದಲು ಅರ್ಥವಾಗದವನಂತೆ ಇತ್ತು. ಆಮೇಲೆ ಅರ್ಥವಾಯಿತು.

"ನಲ್ಲಿ ಇಲ್ಲೇ ಉಂಟಲ್ಲ," ಎಂದ. ಲತೇಶ್‌ನ ಕಡೆ ತಿರುಗಿದ. "ಏ, ಹಿಡಿ ಚೊಂಬು."

ನಲ್ಲಿ ಒಂದು ಮಾರು ದೂರದಲ್ಲಿ ತೊಟ್ಟಿಕ್ಕುತ್ತಿತ್ತು. ಲತೇಶ್ ಚೊಂಬನ್ನು ನೋಡಿದ, ಮಾವನನ್ನು ನೋಡಿದ. ತಂಗಿ ಚೊಂಬಿನ ಮೇಲಿಂದ ಕೈ ತೆಗೆಯದಿರುವುದನ್ನು ನೋಡಿದ. ಅವನು ಬಗ್ಗಿ ಅಮ್ಮನ ಗಲ್ಲವನ್ನು ಮೇಲಕ್ಕೆತ್ತಿ ಬಾಯಿ ಮುಚ್ಚಿದ.

"ಎತ್ತಿ," ಎಂದ ಭುಜಂಗನಿಗೆ.

"ಗಲ್ಲಿ ಕಡೆ..." ಎಂದು ವೇಟರ್ ಕೈ ತೋರಿಸಿದ.

"ಮುಂದಿನ ಬಾಗಿಲಿಂದ. ವ್ಯಾನ್ ಆ ಕಡೆಗೇ ಬರ್ಲಿ," ಎಂದಳು ಶ್ರದ್ಧಾ.

ಅವರು ಅಡುಗೆಮನೆಯನ್ನು ದಾಟಿದರು. ಕಾದ ಕಾವಲಿಯ ಮುಂದೆ ನಿಂತಿದ್ದವನು ಒಲೆ ಆರಿಸಿದ. ಹೊರಗಿನ ಊಟದ ಹಾಲ್‌ನಲ್ಲಿ ಎಲ್ಲ ಮೇಜೂ ತುಂಬಿತ್ತು. ಶ್ರದ್ಧಾ ಮುಂದೆ ಮುಂದೆ ನಡೆದು ಕುರ್ಚಿಗಳನ್ನು ಸರಿಸುತ್ತ ದಾರಿ ಮಾಡಿದಳು. ಗಿರಾಕಿಗಳು ಒಬ್ಬೊಬ್ಬರೇ ಎದ್ದು ನಿಂತರು. ಸಾರು ಅಂಟಿದ ಬೆರಳುಗಳನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬಾತನ ತಟ್ಟೆಯಲ್ಲಿ ಅರ್ಧ ಬಿಡಿಸಿದ ಬಂಗುಡೆ ಕಣ್ಣು ತೆರೆದು ಮಲಗಿತ್ತು.

ಬಾಗಿಲ ಹತ್ತಿರ ಅವಳು ಒಮ್ಮೆ ಹಿಂದಿರುಗಿ ನೋಡಿದಳು. ಊಟದ ಹಾಲ್, ಅಡುಗೆಮನೆ, ಅದರಾಚೆ ಅಂಗಳ ಒಂದೇ ಗೆರೆಯಲ್ಲಿ ಕಾಣುತ್ತಿದ್ದವು. ಮಾವ ಚಾಪೆಯಿದ್ದ ಜಾಗದ ಪಕ್ಕದಲ್ಲಿ ಇನ್ನೂ ಕೂತೇ ಇದ್ದ. ಚಾಚಿದ ಕೈ ಹಾಗೆಯೇ ಇತ್ತು. ಅದರ ಮೇಲಿನ ತುಳಸಿ ಎಲೆ ನೀರು ಸೋಕದೆಯೇ ಉಳಿದಿತ್ತು.